ಹಾರಿದ ಮಾಡು, ಒಡೆದ ಕಿಟಕಿ: ಗಾಳಿ ನಿಂತ ಮೇಲಿನ ಎರಡು ದಿನ

ಮುಂಬಯಿ: 2021ರ ಮೇ 17ರ ಸೋಮವಾರ ಮಹಾನಗರದ ತುಳು-ಕನ್ನಡಿಗರು ಸುಲಭದಲ್ಲಿ ಮರೆಯುವ ದಿನವಲ್ಲ. ತೌಕ್ತೆ ಚಂಡಮಾರುತ ಅಂದು ಮುಂಬಯಿಯ ನೆತ್ತಿಯ ಮೇಲೆ ಬಂದದ್ದೇನೂ ಅಲ್ಲ. ನಗರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಅರಬಿ ಸಮುದ್ರದ ಮೇಲೆಯೇ ಸಾಗಿ ರಾತ್ರಿ ಗುಜರಾತಿನ ಉನಾ ಸಮೀಪ ನೆಲ ಸೇರಿತು. ಆದರೂ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 100 ಕಿಲೋಮೀಟರ್ ದಾಟಿತು. ಸಾಂತಾಕ್ರೂಜ್‌ನಲ್ಲಿ ಒಂದು ದಿನದಲ್ಲಿ 230.3 ಮಿಲಿಮೀಟರ್ ಮಳೆ ಸುರಿಯಿತು. ವಿಮಾನ ನಿಲ್ದಾಣ ಮುಚ್ಚಿತು, ಬಾಂದ್ರಾ-ವರ್ಲಿ ಸೇತುವೆ ಮುಚ್ಚಿತು. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡಗಳ ಕಿಟಕಿ ಗಾಜು ಒಡೆಯಿತು, ಚಾಳ್‌ಗಳ ಪತ್ರಾ ಹಾರಿತು, ಮರಗಳು ಉರುಳಿದವು.

ಅದೇ ಚಂಡಮಾರುತ ಎರಡು ದಿನ ಮೊದಲು ಕರಾವಳಿ ಕರ್ನಾಟಕದ ಪಕ್ಕದಲ್ಲೇ ಹಾದು ಬಂದಿತ್ತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕಡಲು ಉಕ್ಕಿ ದಡ ಕೊರೆದಿತ್ತು, ತೆಂಗು-ಹಲಸಿನ ಮರಗಳು ಮನೆಗಳ ಮೇಲೆ ಬಿದ್ದಿದ್ದವು. ಹೀಗಾಗಿ ಇಲ್ಲಿ ಬಾಡಿಗೆ ಖೋಲಿಯೋ ಫ್ಲ್ಯಾಟೋ, ಅಲ್ಲಿ ಬೀಗ ಹಾಕಿದ ಹಿರಿಯರ ಮನೆಯೋ ಇರುವ ಎಷ್ಟೋ ಕುಟುಂಬಗಳಿಗೆ ಒಂದೇ ವಾರದಲ್ಲಿ ಎರಡು ಕಡೆಯ ಚಿಂತೆ. ಕೊರೋನಾ ನಿರ್ಬಂಧದ ದಿನಗಳು ಬೇರೆ. ಇಲ್ಲಿ ಅಂಗಡಿಗಳು ಬೆಳಗ್ಗಿನ ಕೆಲವೇ ಗಂಟೆ ತೆರೆಯುತ್ತಿದ್ದವು. ಅಲ್ಲಿಗೆ ಹೋಗಬೇಕೆಂದರೆ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಬೇಕಿತ್ತು.

ಗಾಳಿ ಒಂದು ದಿನದ್ದು. ಆದರೆ ಮನೆ ಹಾಳಾಗುವುದು ಬಹಳ ಸಲ ಆಮೇಲೆ. ಒಡೆದ ಕಿಟಕಿ, ತೆರೆದ ಮಾಡು ಹಾಗೆಯೇ ಉಳಿದರೆ ಮುಂದಿನ ಮಳೆ ಒಳಗೇ ಸುರಿಯುತ್ತದೆ. ಗೋಡೆ ನೆನೆಯುತ್ತದೆ, ವಯರಿಂಗ್ ಕೆಡುತ್ತದೆ, ಮರದ ಪಕ್ಕಾಸು ಕುಂಬಾಗುತ್ತದೆ, ಕಪಾಟಿನ ಕಾಗದಪತ್ರ ಬೂಸಲು ಹಿಡಿಯುತ್ತದೆ. ಸರಿಯಾದ ರಿಪೇರಿಗೆ ಕೆಲಸದವರು ಸಿಗುವುದು ಹದಿನೈದು ದಿನಕ್ಕೋ ತಿಂಗಳಿಗೋ. ಅಲ್ಲಿಯವರೆಗೆ ಮನೆಯನ್ನು ಕಾಯುವುದು ಪ್ಲೈವುಡ್, ತಾಡಪತ್ರಿ, ಪತ್ರಾಗಳ ತಾತ್ಕಾಲಿಕ ಮುಚ್ಚುಗೆ. ಇದನ್ನು ನಮ್ಮಲ್ಲಿ ಯಾರೂ ಗಂಭೀರ ಕೆಲಸವೆಂದು ಎಣಿಸುವುದಿಲ್ಲ. ಸಿಕ್ಕಿದ ಪ್ಲಾಸ್ಟಿಕ್ ಎಳೆದು ನಾಲ್ಕು ಇಟ್ಟಿಗೆ ಇಟ್ಟರೆ ಮುಗಿಯಿತು ಎಂಬ ಭಾವನೆ.

ಸಮಯವೂ ಬಹಳ ಇರುವುದಿಲ್ಲ. ನಿಸರ್ಗ ಚಂಡಮಾರುತ 2020ರ ಜೂನ್ 3ರಂದು ಅಲಿಬಾಗ್‌ನ ದಕ್ಷಿಣಕ್ಕೆ ನೆಲ ಸೇರಿ ರಾಯಗಡ ಜಿಲ್ಲೆಯ ಶ್ರೀವರ್ಧನ, ಮುರುಡ್ ಕಡೆಯ ಮನೆಗಳ ಮಾಡುಗಳನ್ನು ಕಿತ್ತೆಸೆಯಿತು. ಮುಂಬಯಿಗೆ ಮುಂಗಾರು ಬಂದದ್ದು ಜೂನ್ 14ಕ್ಕೆ, ಅಂದರೆ ಹನ್ನೊಂದೇ ದಿನ. ತೌಕ್ತೆಯ ನಂತರ ಜೂನ್ 9ರವರೆಗೆ 23 ದಿನ ಸಿಕ್ಕಿತು. 2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿ ಸೇರಿತು. ಮಾಮೂಲಿ ದಿನ ಜೂನ್ 11. ಮೇ ಕೊನೆಯ ವಾರದಲ್ಲಿ ಮಾಡು ಸರಿಪಡಿಸಿದರಾಯಿತು ಎಂದು ಕುಳಿತವರ ಲೆಕ್ಕ ಆ ವರ್ಷ ತಪ್ಪಿತು.

ಊರಿನ ತಟ್ಟಿ, ಮುಂಬಯಿಯ ತಾಡಪತ್ರಿ

ತಾತ್ಕಾಲಿಕ ಮುಚ್ಚುಗೆ ನಮ್ಮವರಿಗೆ ಹೊಸದಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಪಡುವಣ ದಿಕ್ಕಿನ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಳೆಯ ಎರಚಲು ಎಲ್ಲಿಂದ ಬರುತ್ತದೆ, ಯಾವ ಗೋಡೆ ಮೊದಲು ನೆನೆಯುತ್ತದೆ ಎಂಬುದು ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತಿತ್ತು. ಮಳೆ ಕಳೆದ ಮೇಲೆ ತಟ್ಟಿ ಬಿಚ್ಚುತ್ತಿದ್ದರು, ಹಳೆಯ ಮಡಲು ಒಲೆಗೆ ಹೋಗುತ್ತಿತ್ತು. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಕಾಲ ನಿಗದಿಯಾಗಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮುಂಬಯಿಯಲ್ಲಿ ತಟ್ಟಿಯ ಜಾಗಕ್ಕೆ ನೀಲಿ ತಾಡಪತ್ರಿ ಬಂದಿದೆ. ಆದರೆ ಬಿಚ್ಚುವ ಪದ್ಧತಿ ಜೊತೆಗೆ ಬರಲಿಲ್ಲ. ವಿಮಾನದಲ್ಲಿ ಮುಂಬಯಿಗೆ ಇಳಿಯುವವರಿಗೆ ಡಿಸೆಂಬರಿನಲ್ಲೂ ಕಾಣುವುದು ಅದೇ ನೀಲಿ ಬಣ್ಣ. ಬಿಸಿಲಿಗೆ ಒಣಗಿ ಪುಡಿಯಾಗುವ ಆ ಹಾಳೆಯನ್ನು ನಂಬಿ ಮುಂದಿನ ಮೇ ತಿಂಗಳನ್ನೂ ಎದುರಿಸುವವರು ಕಡಿಮೆಯಲ್ಲ.

ಇನ್ನೊಂದು ನಂಟೂ ಉಂಟು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಹಡಗು ಹತ್ತಿ ಮುಂಬಯಿಗೂ ಬಂತು. ಇಲ್ಲಿನ ಹಳೆಯ ಚಾಳ್‌ಗಳ ಮೇಲೆ ಕೂತ ಆ ಹೆಂಚನ್ನು ಮರಾಠಿ ಬಾಂಧವರು ಇಂದಿಗೂ ‘ಮಂಗಳೂರಿ ಕೌಲ’ ಎನ್ನುತ್ತಾರೆ. ಹೆಂಚಿನ ಮಾಡಿಗೆ ಒಂದು ಗುಣವಿದೆ: ಹತ್ತು ಒಡೆದರೆ ಹತ್ತನ್ನೇ ಬದಲಿಸಬಹುದು. ಪತ್ರಾ ಹಾಗಲ್ಲ. ಒಂದು ಅಂಚು ಎದ್ದರೆ ಇಡೀ ಹಾಳೆ ಹೋಗುತ್ತದೆ; ಬೀಳುವುದು ಪಕ್ಕದ ಮನೆಯವರ ಮೇಲೆ.

ಗಾಳಿ ಒಳಗೆ ಹೊಕ್ಕರೆ

ಕಿಟಕಿ ಮುಚ್ಚುವುದು ಮಳೆನೀರು ತಡೆಯಲಿಕ್ಕೆ ಮಾತ್ರ ಎಂದು ತಿಳಿದವರು ಹೆಚ್ಚು. ಗಾಳಿ ಬೀಸುವ ದಿಕ್ಕಿನ ಕಿಟಕಿ ಒಡೆದಾಗ ಗಾಳಿ ಒಳಗೆ ನುಗ್ಗಿ ಕೋಣೆಯನ್ನು ಬಲೂನಿನಂತೆ ಊದುತ್ತದೆ. ಮಾಡನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಅದೇ ಹೊತ್ತಿಗೆ ಮಾಡಿನ ಮೇಲೆ ಹರಿಯುವ ಗಾಳಿ ಹೊರಗಿನಿಂದ ಹೀರುತ್ತದೆ. ಕೆಳಗಿನ ತಳ್ಳಾಟ, ಮೇಲಿನ ಎಳೆತ ಎರಡೂ ಕೂಡಿದಾಗ ಪತ್ರಾ ಹಾರುತ್ತದೆ. ಹೀರುವಿಕೆ ಹೆಚ್ಚಿರುವುದು ಅಂಚು, ಮೂಲೆ ಮತ್ತು ನೆತ್ತಿಯಲ್ಲಿ. ಆದ್ದರಿಂದ ಒಂದೇ ಕಿಟಕಿ ಒಡೆದಿದೆ, ಮಾಡು ಗಟ್ಟಿಯಿದೆ ಎಂಬ ಸಮಾಧಾನ ಸಲ್ಲದು. ಮುಂಬಯಿಯಲ್ಲೂ ಕರಾವಳಿಯಲ್ಲೂ ಮುಂದಿನ ಮಳೆಗಾಳಿ ಬರುವುದು ಪಶ್ಚಿಮ-ನೈಋತ್ಯದಿಂದ. ಕೈಯಲ್ಲಿ ಎರಡೇ ಹಲಗೆ ಇದ್ದರೆ ಮೊದಲು ಆ ದಿಕ್ಕಿನ ಕಿಟಕಿಗೆ ಹೋಗಬೇಕು.

ಆದರೆ ಹಲಗೆ ಮುಟ್ಟುವ ಮೊದಲು ಮೀಟರಿನ ಮುಖ್ಯ ಸ್ವಿಚ್ ಆಫ್ ಆಗಬೇಕು. ನೆನೆದ ಗೋಡೆಗೂ ಕಬ್ಬಿಣದ ಪತ್ರಾಕ್ಕೂ ತಾಗಿದ ವಯರು ಜೀವ ತೆಗೆಯುತ್ತದೆ. ಬೀದಿಯ ವಯರ್ ಬಿದ್ದಿದ್ದರೆ, ಕಟ್ಟಡದ ಮೇಲೆ ಮರ ಒರಗಿದ್ದರೆ ಮುಂಬಯಿಯಲ್ಲಿ ಪಾಲಿಕೆಯ ಆಪತ್ತು ನಿರ್ವಹಣೆಯ 1916ಕ್ಕೆ ಕರೆ ಮಾಡಿ ಕಾಯುವುದೇ ಕ್ಷೇಮ. ಗಾಳಿ ಪೂರ್ತಿ ನಿಲ್ಲದೆ ಯಾರೂ ಮಾಡು ಹತ್ತಬಾರದು.

ಸಿಮೆಂಟ್ ಪತ್ರಾದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನೋಡಲು ಗಟ್ಟಿ ಕಾಣುವ ಹಳೆಯ ಹಾಳೆ ಮನುಷ್ಯನ ಭಾರಕ್ಕೆ ಚಕ್ಕೆಂದು ಮುರಿಯುತ್ತದೆ; ಹತ್ತಿದವನು ನೇರ ಕೋಣೆಯೊಳಗೆ ಬೀಳುತ್ತಾನೆ. ಕೆಳಗಿರುವ ಕಬ್ಬಿಣ ಅಥವಾ ಮರದ ತೊಲೆಗಳ ಮೇಲೆ ಆಧಾರ ಸಿಗುವಂತೆ ಅಗಲದ ಹಲಗೆ ಅಡ್ಡ ಹಾಕಿ ಅದರ ಮೇಲೇ ನಡೆಯಬೇಕು. ಹಳೆಯ ಸಿಮೆಂಟ್ ಪತ್ರಾಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದನ್ನು ಒಣಗಿದ್ದಾಗ ಗ್ರೈಂಡರಿನಿಂದ ಕೊಯ್ಯಬಾರದು, ಒಡೆದು ಪುಡಿ ಮಾಡಬಾರದು. ನೀರು ಚಿಮುಕಿಸಿ ಹಸಿ ಇರುವಾಗಲೇ ಇಡಿಯಾಗಿ ಇಳಿಸಬೇಕು. ಅದರ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿ ವರ್ಷಗಳ ನಂತರ ಕಾಣಿಸಿಕೊಳ್ಳುವಂಥದ್ದು.

ಕಿಟಕಿಗೆ ಹಲಗೆ

ಒಡೆದ ಗಾಜು ತೆಗೆಯುವಾಗ ದಪ್ಪ ಕೈಗವಸು, ಕಾಲಿಗೆ ಬೂಟು ಇರಬೇಕು. ಚೌಕಟ್ಟಿನಲ್ಲಿ ಉಳಿದ ಚೂರುಗಳನ್ನು ಮೇಲಿನಿಂದ ಶುರುಮಾಡಿ ಕೆಳಕ್ಕೆ ಬರುತ್ತಾ ತೆಗೆಯಬೇಕು. ಕೆಳಗಿನದು ಮೊದಲು ತೆಗೆಯಲು ಹೋದರೆ ಮೇಲಿನ ಚೂರು ಕೈಮೇಲೆ ಬೀಳುತ್ತದೆ. ಬಿರುಕು ಬಿಟ್ಟು ನಿಂತಿರುವ ಗಾಜಿಗೆ ಅಗಲದ ಟೇಪು ಅಂಟಿಸಿ ಆಮೇಲೆ ಬಿಡಿಸುವುದು ಜಾಣತನ.

ಪ್ಲೈವುಡ್ ಕೊಳ್ಳುವಾಗ ಅಗ್ಗದ ಕಮರ್ಷಿಯಲ್ ಪ್ಲೈಗೆ ಮನಸೋಲಬಾರದು. ಎರಡು ಮಳೆಗೆ ಅದು ಉಬ್ಬಿ ಪದರ ಬಿಡುತ್ತದೆ. ನೀರು ತಾಳುವ ಪ್ಲೈ, ಇಲ್ಲವೇ ಸ್ಲ್ಯಾಬ್ ಹಾಕುವಾಗ ಬಳಸುವ ಶಟರಿಂಗ್ ಪ್ಲೈ ಆಗಬಹುದು; ದಪ್ಪ 12 ಮಿಲಿಮೀಟರಿಗೆ ಕಡಿಮೆ ಬೇಡ. 8 ಅಡಿ ಉದ್ದ 4 ಅಡಿ ಅಗಲದ ಒಂದು ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಅಥವಾ ಎರಡು ಸಣ್ಣ ಕಿಟಕಿ ಮುಚ್ಚುತ್ತದೆ. ಹಲಗೆ ಕಿಟಕಿಯ ಬಾಯಿಗಿಂತ ನಾಲ್ಕೂ ಕಡೆ ಸುಮಾರು 4 ಇಂಚು ಹೆಚ್ಚಿರಬೇಕು. ಮೊಳೆ ಹೊಡೆಯಬಾರದು, ಗಾಳಿ ಅದನ್ನು ಕಿತ್ತು ತೆಗೆಯುತ್ತದೆ. ಗೋಡೆಗೆ ಡ್ರಿಲ್ ಮಾಡಿ ಪ್ಲಗ್ ಹಾಕಿ, ವಾಶರ್ ಸಹಿತ ಸ್ಕ್ರೂ ಬಿಗಿಯಬೇಕು. ಎರಡು ಸ್ಕ್ರೂಗಳ ನಡುವೆ ಒಂದು ಅಡಿಗಿಂತ ಹೆಚ್ಚು ಅಂತರ ಬೇಡ. ಹೊರಗಿನಿಂದ ಮುಚ್ಚಲು ಸಾಧ್ಯವಿದ್ದರೆ ಹೊರಗಿನಿಂದಲೇ ಒಳ್ಳೆಯದು, ಏಕೆಂದರೆ ಗಾಳಿ ಹಲಗೆಯನ್ನು ಗೋಡೆಗೆ ಒತ್ತುತ್ತದೆ. ಮೇಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯ ಪಟ್ಟಿಯೊಂದನ್ನು ಗೋಡೆಗೆ ಸೇರಿಸಿ ಇಳಿಬಿಟ್ಟರೆ ನೀರು ಹಿಂದಕ್ಕೆ ಜಾರುವುದಿಲ್ಲ.

ಈಗಿನ ಫ್ಲ್ಯಾಟುಗಳಲ್ಲಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಆ ತೆಳು ಚೌಕಟ್ಟಿಗೆ ಸ್ಕ್ರೂ ಹಾಕಿದರೆ ಚೌಕಟ್ಟು ಹಾಳು, ಹಿಡಿತವೂ ಇಲ್ಲ. ಐದನೇ ಮಹಡಿಯಲ್ಲಿ ಹೊರಗೆ ನಿಂತು ಕೆಲಸ ಮಾಡುವ ಹಾಗೂ ಇಲ್ಲ. ಇದಕ್ಕೆ ಬಡಗಿಗಳು ಬಲ್ಲ ಒಂದು ಉಪಾಯವಿದೆ. ಕಿಟಕಿಯ ಬಾಯಿಗಿಂತ ಉದ್ದವಾದ ಎರಡು ಗಟ್ಟಿ ಮರದ ಪಟ್ಟಿಗಳನ್ನು ಓರೆ ಮಾಡಿ ಹೊರಗೆ ದಾಟಿಸಿ, ಗೋಡೆಗೆ ಅಡ್ಡಲಾಗಿ ಹಿಡಿದುಕೊಳ್ಳುವುದು. ಒಳಗಿನಿಂದ ಪ್ಲೈ ಹಲಗೆ ಇಟ್ಟು, ಅದರ ಮೇಲೆ ಒಳಗೂ ಎರಡು ಪಟ್ಟಿ ಕೊಟ್ಟು, ಎಲ್ಲವನ್ನೂ ಉದ್ದದ ಬೋಲ್ಟಿನಿಂದ ಪೋಣಿಸಿ ಒಳಗಡೆ ನಟ್ಟು ಬಿಗಿಯುವುದು. ಗೋಡೆಯೇ ನಡುವೆ ಸಿಕ್ಕಿಕೊಳ್ಳುವುದರಿಂದ ಒಂದು ತೂತನ್ನೂ ಕೊರೆಯಬೇಕಾಗಿಲ್ಲ. ಹೊರಗೆ ಹೋಗುವ ಪಟ್ಟಿಗೆ ಮೊದಲೇ ಹಗ್ಗ ಕಟ್ಟಿಕೊಳ್ಳಬೇಕು. ಕೈತಪ್ಪಿ ಅದು ಕೆಳಗೆ ಹೋಗುವವರ ತಲೆಯ ಮೇಲೆ ಬಿದ್ದರೆ ಗಾಳಿಯನ್ನು ದೂರಿ ಪ್ರಯೋಜನವಿಲ್ಲ. ಹೊರಗೆ ಕಬ್ಬಿಣದ ಗ್ರಿಲ್ ಇದ್ದರೆ ಕೆಲಸ ಇನ್ನೂ ಸುಲಭ. ಹಲಗೆಗೆ ಜೋಡಿ ತೂತು ಮಾಡಿ ದಪ್ಪ ಬೈಂಡಿಂಗ್ ವಯರಿನಿಂದ ಗ್ರಿಲ್ಲಿಗೇ ಬಿಗಿಯಬಹುದು.

ಎಲ್ಲ ಕಿಟಕಿಗಳನ್ನೂ ಹಲಗೆಯಿಂದ ಜಡಿದು ಒಳಗೆ ಮಲಗುವುದು ದೊಡ್ಡ ತಪ್ಪು. ಬೆಂಕಿ ಬಿದ್ದರೆ ಹೊರಬರಲು ಬಾಗಿಲಲ್ಲದೆ ಇನ್ನೊಂದು ದಾರಿ ಇರಲೇಬೇಕು. ಗಾಳಿಯಾಡಲು ಹಲಗೆಯ ಕೆಳಭಾಗದಲ್ಲಿ ಎರಡು-ಮೂರು ತೂತು ಬಿಟ್ಟು ಹೊರಗಿನಿಂದ ಸೊಳ್ಳೆ ಜಾಲರಿ ಹಾಕಬೇಕು. ಇಲ್ಲವಾದರೆ ನೆನೆದ ಗೋಡೆ ಒಣಗದೆ ಕರಿ ಬೂಸಲು ಹರಡುತ್ತದೆ.

ಮಾಡಿಗೆ ತಾಡಪತ್ರಿ

ತಾಡಪತ್ರಿ ಹಾಕುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ತೂತಾದ ಜಾಗದ ಮೇಲಷ್ಟೇ ಹಾಳೆ ಹಾಸುವುದು. ಮೇಲಿನಿಂದ ಹರಿದು ಬರುವ ನೀರು ಹಾಳೆಯ ಅಡಿಗೆ ನುಗ್ಗಿ ಅದೇ ತೂತಿನಲ್ಲಿ ಇಳಿಯುತ್ತದೆ. ಹಾಳೆ ಮಾಡಿನ ನೆತ್ತಿಯನ್ನು ದಾಟಿ ಆಚೆ ಬದಿಗೆ ಮೂರು-ನಾಲ್ಕು ಅಡಿ ಇಳಿದಿರಬೇಕು. ನೆತ್ತಿಯವರೆಗೆ ಹಾಳೆ ಸಾಲದಿದ್ದರೆ ಅದರ ಮೇಲಂಚನ್ನು ತೂತಿಗಿಂತ ಮೇಲಿನ ಸಾಲಿನ ಹೆಂಚಿನ ಅಡಿಗೆ ಸೇರಿಸಬೇಕು. ಹೆಂಚಿನ ಮಾಡಿನಲ್ಲಿ ಇದು ಸುಲಭ.

ಇನ್ನೊಂದು ತಪ್ಪು ಭಾರ ಇಡುವುದು. ಇಟ್ಟಿಗೆ, ಕಲ್ಲು, ಹಳೆಯ ಟಯರು ಮುಂಬಯಿಯ ಪತ್ರಾಗಳ ಮೇಲೆ ವರ್ಷವಿಡೀ ಇರುವ ಆಭರಣಗಳು. ಮಾಮೂಲಿ ಗಾಳಿಗೆ ಅವು ಸಾಕು. ಬಿರುಗಾಳಿಗೆ ಹಾಳೆ ಎದ್ದಾಗ ಅವು ಕೆಳಗೆ ಬೀಳುವ ಗುಂಡುಗಳಾಗುತ್ತವೆ. ಅದರ ಬದಲು ಹಾಳೆಯ ಅಂಚನ್ನು ಮರದ ರೀಪಿಗೆ ಎರಡು ಸುತ್ತು ಸುತ್ತಿ, ಆ ರೀಪನ್ನು ಮಾಡಿನ ಮರಕ್ಕೆ ಸ್ಕ್ರೂ ಮಾಡಬೇಕು. ಆಗ ಎಳೆತ ಒಂದು ತೂತಿನ ಮೇಲೆ ಬೀಳದೆ ಇಡೀ ಅಂಚಿಗೆ ಹಂಚಿಹೋಗುತ್ತದೆ. ಹಾಳೆಯ ಉಂಗುರಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿದರೆ ಮೊದಲು ಹರಿಯುವುದು ಆ ಉಂಗುರವೇ. ನಡುವೆ ಹಾಳೆ ಜೋತು ನೀರು ನಿಲ್ಲದ ಹಾಗೆ ಅಡಿಯಲ್ಲಿ ಬಿದಿರಿನ ಗಳು ಕೊಡಬೇಕು. ನಿಂತ ನೀರಿನ ಭಾರಕ್ಕೆ ಮುರಿದ ರೀಪುಗಳಿಗೆ ಲೆಕ್ಕವಿಲ್ಲ.

ಹೊಸ ಪತ್ರಾ ಸಿಕ್ಕಿದರೆ ತಾತ್ಕಾಲಿಕವಾಗಿ ಅದನ್ನೇ ಹಾಕಬಹುದು. ಜೆ-ಹುಕ್ಕಿಗೆ ಜೊತೆಯ ವಾಶರ್ ಬಿಡಬಾರದು. ಅಂಚಿನ ಸಾಲಿನಲ್ಲಿ ಹುಕ್ಕುಗಳನ್ನು ನಡುವಿನ ಸಾಲಿಗಿಂತ ಹತ್ತಿರ ಹತ್ತಿರ ಹಾಕಬೇಕು. ಕಾರಣ ಆಗಲೇ ಹೇಳಿದ್ದು, ಗಾಳಿ ಹಿಡಿಯುವುದು ಅಂಚನ್ನು.

ಮಂಗಳೂರು ಹೆಂಚಿನ ಮನೆಯಲ್ಲಿ ಹತ್ತಿಪ್ಪತ್ತು ಹಳೆಯ ಹೆಂಚು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿರುವ ಹಿರಿಯರ ಅಭ್ಯಾಸವನ್ನು ‘ಜಾಗ ದಂಡ’ ಎಂದು ಬಿಸಾಡಿದವರು ಗಾಳಿ ಬಂದ ಮರುದಿನ ಪಶ್ಚಾತ್ತಾಪ ಪಡುತ್ತಾರೆ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ಅಳತೆ, ಗಾಡಿ ಒಂದಕ್ಕೊಂದು ಕೂಡುವುದಿಲ್ಲ. ಮನೆಯ ಹೆಂಚಿನ ಮೇಲಿರುವ ಕಾರ್ಖಾನೆಯ ಹೆಸರಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರೆ ಹುಡುಕಲು ಅನುಕೂಲ.

ಖರ್ಚು ಯಾರದು, ಅನುಮತಿ ಯಾರದು

ಹೌಸಿಂಗ್ ಸೊಸೈಟಿಗಳಲ್ಲಿ ಗಾಳಿಯ ಮರುದಿನ ಏಳುವ ಮೊದಲ ಜಗಳ ಇದೇ. ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ ಕಟ್ಟಡದ ಹೊರಗೋಡೆ, ಮಾಡು ಮುಂತಾದ ಸಾರ್ವತ್ರಿಕ ಭಾಗಗಳ ದುರಸ್ತಿ ಸೊಸೈಟಿಯದು. ಟೆರೇಸಿನಿಂದ ನೀರಿಳಿದು ಮೇಲಿನ ಮಹಡಿಯ ತಾರಸಿಗೆ ಹಾನಿಯಾದರೆ ಅದೂ ಸೊಸೈಟಿಯದೇ. ಸೊಸೈಟಿಯ ಪಟ್ಟಿಗೆ ಸೇರದ ಮನೆಯೊಳಗಿನ ದುರಸ್ತಿ ಸದಸ್ಯರದು. ಆದರೆ ಸಭೆ ಕರೆದು ಠರಾವು ಪಾಸಾಗುವವರೆಗೆ ಮಳೆ ಕಾಯುವುದಿಲ್ಲ. ತಾತ್ಕಾಲಿಕ ಮುಚ್ಚುಗೆಗೆ ಇಂತಿಷ್ಟು ಹಣವನ್ನು ಚೇರ್‌ಮನ್-ಸೆಕ್ರೆಟರಿ ತಕ್ಷಣ ಖರ್ಚು ಮಾಡಬಹುದು ಎಂದು ಮೇ ತಿಂಗಳಿಗೆ ಮೊದಲೇ ಸಮಿತಿಯಲ್ಲಿ ಬರೆದಿಟ್ಟುಕೊಂಡ ಸೊಸೈಟಿಗೆ ಈ ಜಗಳವಿಲ್ಲ. ನಮ್ಮವರು ಅನೇಕ ಕಡೆ ಸಮಿತಿಗಳಲ್ಲಿ ಇದ್ದಾರೆ. ಈ ಒಂದು ಠರಾವನ್ನು ಮುಂದಿಡಲು ಅಡ್ಡಿಯಿಲ್ಲ.

ಟೆರೇಸಿನ ಮೇಲೆ ಮಳೆಗಾಲದ ಶೆಡ್ಡು ಕಟ್ಟುವುದಾದರೆ ಪಾಲಿಕೆಯ ವಾರ್ಡ್ ಕಚೇರಿಯ ಅನುಮತಿ ಬೇಕು, ಮಳೆ ಮುಗಿದ ಮೇಲೆ ತೆಗೆಯಬೇಕು. ಹಳೆಯ ಸೆಸ್ ಕಟ್ಟಡಗಳ ಬಾಡಿಗೆದಾರರಿಗೆ ಮಾಲಕರ ಜೊತೆಗೆ ಮ್ಹಾಡಾದ ದುರಸ್ತಿ ಮಂಡಳಿಯೂ ಇದೆ. ಬಾಡಿಗೆ ಮನೆಯವರು ಹಲಗೆ ಜಡಿಯುವ ಮೊದಲು ಮಾಲಕರಿಗೆ ಫೋಟೋ ಸಹಿತ ಒಂದು ಸಂದೇಶ ಕಳಿಸಿ ಇಟ್ಟುಕೊಂಡರೆ ಮುಂದೆ ಡಿಪಾಸಿಟ್ ಹಿಂದೆ ಪಡೆಯುವಾಗ ತಕರಾರು ಬರುವುದಿಲ್ಲ.

ಫೋಟೋ ಎಂಬುದು ವಿಮೆಗೂ ಮುಖ್ಯ. ಹಲಗೆ ಹೊಡೆಯುವ ಮೊದಲು ಒಡೆದ ಕಿಟಕಿ, ತೆರೆದ ಮಾಡು, ನೆನೆದ ಸಾಮಾನು ಎಲ್ಲದರ ಚಿತ್ರ ತೆಗೆದು ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಸರ್ವೇಯರ್ ಬರುವವರೆಗೆ ಏನೂ ಮುಟ್ಟಬಾರದು ಎಂದು ತಿಳಿದು ಮಳೆಯಲ್ಲಿ ನೆನೆಯಲು ಬಿಡುವವರು ಇದ್ದಾರೆ. ಇದು ತಪ್ಪು ತಿಳುವಳಿಕೆ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರನದೇ ಕರ್ತವ್ಯ. ಪ್ಲೈ, ತಾಡಪತ್ರಿ, ಕೂಲಿಯ ಬಿಲ್ಲುಗಳನ್ನು ಜೋಪಾನ ಮಾಡಬೇಕು. ಮುರಿದ ಸಾಮಾನನ್ನು ಸರ್ವೇಯರ್ ನೋಡುವವರೆಗೆ ಭಂಗಾರಿಗೆ ಹಾಕಬಾರದು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆ ನೀಡಬೇಕೆಂಬ ನಿಯಮ ಬಂತು. ಚಂಡಮಾರುತ, ಬಿರುಗಾಳಿ, ನೆರೆ ಇದರಲ್ಲಿ ಸೇರಿವೆ. ಅವಶೇಷ ತೆಗೆಯುವ ಖರ್ಚೂ ಕ್ಲೇಮಿನ ಶೇ. 2ರವರೆಗೆ ಸಿಗುತ್ತದೆ. ಸಣ್ಣ ಹೋಟೆಲು, ಅಂಗಡಿಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ. 5 ಕೋಟಿ ರೂ.ವರೆಗಿನ ಆಸ್ತಿಗೆ ಅದು ಅನ್ವಯ. ಹೋಟೆಲು ಉದ್ಯಮಿಗಳು ಇನ್ನೊಂದನ್ನು ಗಮನಿಸಬೇಕು. 2024ರ ಮೇ 13ರ ಧೂಳುಗಾಳಿಗೆ ಘಾಟ್ಕೋಪರದಲ್ಲಿ ದೈತ್ಯ ಹೋರ್ಡಿಂಗ್ ಉರುಳಿ 17 ಮಂದಿ ಸತ್ತರು. ಹೋಟೆಲಿನ ಬೋರ್ಡು ಅಷ್ಟು ದೊಡ್ಡದಲ್ಲ, ನಿಜ. ಆದರೆ ಒಂದು ಬೋಲ್ಟಿನ ಮೇಲೆ ತೂಗುವ ಬೋರ್ಡಿಗೆ ಒಂದು ಜೀವ ತೆಗೆಯುವ ಶಕ್ತಿ ಸಾಕಷ್ಟು ಇದೆ. ಸಡಿಲವಾದುದನ್ನು ಬಿಗಿಯುವ ಬದಲು ಇಳಿಸಿಯೇ ಬಿಡಬೇಕು.

ಬೀಗ ಹಾಕಿದ ಊರಿನ ಮನೆ

ಹೊರನಾಡ ಕನ್ನಡಿಗರಿಗೆ ನಿಜವಾದ ಕಷ್ಟ ಇರುವುದು ಇಲ್ಲಿ. ಊರಿನಿಂದ ಬರುವ ಫೋನು ಸಾಮಾನ್ಯವಾಗಿ ಹೀಗಿರುತ್ತದೆ.

“ಅಣ್ಣಾ, ನಿಮ್ಮ ಅಡುಗೆ ಕೋಣೆಯ ಮಾಡಿಗೆ ತೆಂಗಿನ ಮರ ಬಿದ್ದಿದೆ ಮಾರಾಯ್ರೆ. ಒಳಗೆ ಎಷ್ಟು ಹೋಗಿದೆ ಗೊತ್ತಿಲ್ಲ, ಬೀಗ ಉಂಟಲ್ಲ.”

“ಬೀಗದ ಕೈ ಚಿಕ್ಕಮ್ಮನ ಮನೆಯಲ್ಲಿತ್ತು. ಅವರು ಈಗ ಮಗಳ ಮನೆಗೆ ಹೋಗಿದ್ದಾರೆ ಕಾಣುತ್ತದೆ.”

“ಹಾಗಾದರೆ ಏನು ಮಾಡುವುದು ಹೇಳಿ. ಮೋಡ ಪುನಃ ಕಟ್ಟಿದೆ.”

ಈ ಕೊನೆಯ ಮಾತಿಗೆ ಮುಂಬಯಿಯಲ್ಲಿ ಕುಳಿತವರಲ್ಲಿ ಉತ್ತರವಿರುವುದಿಲ್ಲ. ಬೀಗದ ಕೈ ಯಾರಲ್ಲಿದೆ, ಮುಖ್ಯ ಸ್ವಿಚ್ ಎಲ್ಲಿದೆ, ಹೆಂಚು ಹೊದೆಸುವವರ ನಂಬರು ಯಾವುದು, ಹಣ ಯಾರ ಖಾತೆಗೆ ಕಳಿಸಬೇಕು ಎಂಬ ನಾಲ್ಕು ವಿಷಯ ಮೊದಲೇ ತೀರ್ಮಾನವಾಗಿದ್ದರೆ ಆ ಸಂಜೆಯೇ ಹಾಳೆ ಬೀಳುತ್ತದೆ. ಅಣ್ಣತಮ್ಮಂದಿರ ಪಾಲಾಗದ ಕುಟುಂಬದ ಮನೆಗಳಲ್ಲಿ ತೊಡಕು ಇನ್ನೂ ಹೆಚ್ಚು. ಯಾರು ಖರ್ಚು ಮಾಡಿದರೂ ಮನೆಯ ಮೇಲೆ ಹಕ್ಕು ಸಾಧಿಸಲಿಕ್ಕೆ ಮಾಡಿದ ಎಂಬ ಮಾತು ಬರುತ್ತದೆ. ಮಾತಿಗೆ ಹೆದರಿ ಯಾರೂ ಮುಂದಾಗುವುದಿಲ್ಲ. ಅಷ್ಟರಲ್ಲಿ ಪಾಲು ಮಾಡಲು ಮನೆಯೇ ಉಳಿಯುವುದಿಲ್ಲ. ಮಣ್ಣಿನ ಗೋಡೆಯ ಮನೆಗಳಿಗೆ ಈ ಮಾತು ಅಕ್ಷರಶಃ ನಿಜ. ಮಾಡು ತೆರೆದು ಒಂದು ಮಳೆಗಾಲ ಕಳೆದರೆ ಮಣ್ಣಿನ ಗೋಡೆ ಕರಗುತ್ತದೆ. ತಾತ್ಕಾಲಿಕ ಮುಚ್ಚುಗೆಯ ಖರ್ಚನ್ನು ಎಲ್ಲರೂ ಸಮನಾಗಿ ಹಾಕುತ್ತೇವೆ, ಇದರಿಂದ ಯಾರ ಹಕ್ಕೂ ಹೆಚ್ಚುಕಡಿಮೆಯಾಗುವುದಿಲ್ಲ ಎಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಲ್ಕು ಸಾಲು ಬರೆದುಕೊಂಡರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ಸರಕಾರದ ಪರಿಹಾರ ಕೇಳುವುದಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ಕೂಡಲೇ ತಿಳಿಸಿ ಪಂಚನಾಮೆ ಮಾಡಿಸಬೇಕು. ಅದಕ್ಕೂ ಹಾಳೆ ಹಾಕುವ ಮೊದಲಿನ ಫೋಟೋ ಬೇಕು. ವಿಮೆಯ ವಿಷಯದಲ್ಲಿ ಬೀಗದ ಮನೆಯವರು ಒಂದು ಷರತ್ತನ್ನು ಓದಿ ನೋಡಬೇಕು. ಹಳೆಯ ಅಗ್ನಿ ವಿಮೆಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದರೆ, ಕಂಪನಿಯ ಒಪ್ಪಿಗೆ ಪಡೆಯದಿದ್ದಲ್ಲಿ ರಕ್ಷಣೆ ನಿಲ್ಲುತ್ತದೆ ಎಂಬ ಸಾಲು ಇತ್ತು. ತಮ್ಮ ಪಾಲಿಸಿಯಲ್ಲಿ ಅಂಥ ಸಾಲು ಇದೆಯೇ ಎಂದು ಏಜೆಂಟರನ್ನು ಕೇಳಿ, ಮನೆ ಬೀಗದಲ್ಲಿದೆ ಎಂಬುದನ್ನು ಬರಹದಲ್ಲಿ ತಿಳಿಸಿಟ್ಟುಕೊಳ್ಳುವುದು ಒಳಿತು.

ಒಡೆದ ಕಿಟಕಿ ಕಳ್ಳರಿಗೂ ಬಾಗಿಲು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಖಾಲಿ ಮನೆಗೆ ಹಲಗೆ ಹೊಡೆಯುವಾಗ ಸ್ಕ್ರೂ ಹೊರಗಿನಿಂದ ಸುಲಭವಾಗಿ ಬಿಚ್ಚುವಂತೆ ಇರಬಾರದು. ಒಳಗೆ ನಟ್ಟು ಬರುವ ಬೋಲ್ಟೇ ಸರಿ. ದಾಖಲೆ, ದೇವರ ಕೋಣೆಯ ಬೆಳ್ಳಿ ಸಾಮಾನು, ಗ್ಯಾಸ್ ಸಿಲಿಂಡರ್ ಇವನ್ನು ಅದೇ ದಿನ ನಂಬಿಕೆಯ ಮನೆಗೆ ಸಾಗಿಸಬೇಕು.

ಸಂಘದ ಕಪಾಟಿನಲ್ಲಿ ಒಂದು ಚೀಲ

ಸ್ವಂತ ಕಟ್ಟಡವೋ ಕೋಣೆಯೋ ಇರುವ ಕನ್ನಡ ಸಂಘಗಳು ಕಿಟಕಿಯ ಪಕ್ಕದಲ್ಲೇ ಪುಸ್ತಕದ ಕಪಾಟು ಇಡುವುದು ಸಾಮಾನ್ಯ ದೃಶ್ಯ. ಹಳೆಯ ಸ್ಮರಣ ಸಂಚಿಕೆ, ಸದಸ್ಯರ ದಾಖಲೆ ಪುಸ್ತಕ, ನಾಟಕದ ಪರದೆ ಎಲ್ಲವೂ ಅಲ್ಲೇ. ಒಂದು ಗಾಜು ಒಡೆದರೆ ಐವತ್ತು ವರ್ಷದ ಸಂಗ್ರಹ ನೀರುಪಾಲು. ಏಪ್ರಿಲಿನಲ್ಲೇ ಕಪಾಟನ್ನು ಒಳಗೋಡೆಗೆ ಸರಿಸಲು ಖರ್ಚೇನೂ ಇಲ್ಲ.

ಸಂಘದ ಯುವ ವಿಭಾಗದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಎರಡು ದೊಡ್ಡ ತಾಡಪತ್ರಿ, ನಾಲ್ಕು ಹಾಳೆ ಪ್ಲೈ, ರೀಪು, ಒಂದು ಡ್ರಿಲ್ ಮೆಶಿನ್, ಪ್ಲಗ್-ಸ್ಕ್ರೂ, ಬೋಲ್ಟು, ನೈಲಾನ್ ಹಗ್ಗ, ಕೈಗವಸು, ಟಾರ್ಚು. ವಾರ್ಷಿಕೋತ್ಸವದ ಒಂದು ಫ್ಲೆಕ್ಸಿನ ಖರ್ಚಿನಿಂದ ಶುರುಮಾಡಿದರೆ ಎರಡು ವರ್ಷದಲ್ಲಿ ಇಷ್ಟೂ ಕೂಡುತ್ತದೆ. ನಿಸರ್ಗದ ಹೊಡೆತ ಬಿದ್ದ ಕೊಂಕಣದಲ್ಲಿ ಎಲ್ಲರಿಗೂ ಒಂದೇ ದಿನ ಪತ್ರಾ ಬೇಕಾಗಿತ್ತು. ಹಾಗೆ ಬೇಡಿಕೆ ಏರಿದ ವಾರದಲ್ಲಿ ಅಂಗಡಿಗೆ ಹೋದವರಿಗೆ ಸಾಮಾನು ಸಿಗುವುದಿಲ್ಲ, ಸಿಕ್ಕರೆ ದರ ಕೇಳುವಂತಿಲ್ಲ. ಒಬ್ಬಂಟಿ ಹಿರಿಯರು, ವಿಧವೆಯರು ಇರುವ ಸದಸ್ಯ ಮನೆಗಳ ಪಟ್ಟಿ ಚೀಲದ ಜೊತೆಗಿದ್ದರೆ ಮೊದಲ ಹಲಗೆ ಯಾರ ಮನೆಗೆ ಹೋಗಬೇಕೆಂದು ಯೋಚಿಸುತ್ತ ನಿಲ್ಲಬೇಕಾಗಿಲ್ಲ. ಮಾಡು ಹತ್ತುವ ಕೆಲಸ ಮಾತ್ರ ಉತ್ಸಾಹಿ ಹುಡುಗರದಲ್ಲ. ಅದಕ್ಕೆ ಅಭ್ಯಾಸವಿದ್ದ ಕೆಲಸದವರನ್ನೇ ಕೂಲಿ ಕೊಟ್ಟು ಕರೆಯಬೇಕು, ಸೊಂಟಕ್ಕೆ ಹಗ್ಗ ಕಟ್ಟಿಸಬೇಕು.

ಹಾಕಿದ ಹಾಳೆಯನ್ನು ಮೊದಲ ವಾರ ದಿನವೂ, ಆಮೇಲೆ ಪ್ರತಿ ದೊಡ್ಡ ಮಳೆಯ ನಂತರವೂ ನೋಡಬೇಕು. ಸಡಿಲವಾದ ಸ್ಕ್ರೂ, ಹರಿದ ಅಂಚು ಅಂದೇ ಸರಿಹೋಗಬೇಕು. ಕೆಲಸ ಮುಗಿದ ದಿನಾಂಕವನ್ನು ಹಲಗೆಯ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟರೆ ಎಷ್ಟು ಕಾಲವಾಯಿತು ಎಂಬುದು ಕಣ್ಣಿಗೆ ಬೀಳುತ್ತಿರುತ್ತದೆ. ದೀಪಾವಳಿಯ ಹೊತ್ತಿಗೆ ಖಾಯಂ ರಿಪೇರಿ ಮುಗಿಸಿ ಹಲಗೆಗಳನ್ನು ಬಿಚ್ಚಬೇಕು. ಬಿಚ್ಚಿದ ಪ್ರತಿಯೊಂದು ಹಲಗೆಯ ಹಿಂದೆ ‘ಅಡುಗೆ ಕೋಣೆ, ಪಡು ಕಿಟಕಿ’ ಎಂದು ಬರೆದು, ಅದರ ಸ್ಕ್ರೂಗಳನ್ನು ಸಣ್ಣ ಚೀಲದಲ್ಲಿ ಹಾಕಿ ಅದಕ್ಕೇ ಅಂಟಿಸಿ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಮುಂದಿನ ಸಲ ಅಳತೆ ತೆಗೆಯುವ, ಕೊಯ್ಯುವ ಕೆಲಸ ಉಳಿಯುತ್ತದೆ. ಒಂದು ಕಿಟಕಿಗೆ ಹದಿನೈದು ನಿಮಿಷ ಸಾಕು.